ಖಾದರ್ ಮಾಮು ಸೂಜಿ ಎತ್ತುತ್ತಿದ್ದ ಜಾಗ

ಹಿಂದಿನ ಬೀದಿಯಲ್ಲಿ ಗೃಹಪ್ರವೇಶ. ಭಾನುವಾರ ಬೆಳಗಾಗುತ್ತಿದ್ದಂತೆ ಆಳೆತ್ತರದ ಎರಡು ಕರಿ ಪೆಟ್ಟಿಗೆಗಳು ಗೂಡ್ಸ್ ಆಟೊದಿಂದ ಇಳಿದವು. ಮಾಲೂರಿನ ನಮ್ಮ ಮನೆಯ ಮಹಡಿಯ ಮೇಲೆ ಬಟ್ಟೆ ಒಣಹಾಕಲು ಹೋದವಳು ಕೆಲಸ ಬಿಟ್ಟು ಅದನ್ನೇ ನೋಡುತ್ತ ನಿಂತೆ. ವೈರು ಚುಚ್ಚಿದರು, ಮೊಬೈಲಿನ ಮೇಲೆ ಬೆರಳಾಡಿಸಿದರು, ಗಣಪತಿಯ ಸ್ತುತಿ ಶುರುವಾಗಿಯೇಬಿಟ್ಟಿತು. ನನಗೆ ಕಸಿವಿಸಿ. ಏನೋ ಬಿಟ್ಟುಹೋಯಿತಲ್ಲ ಅನ್ನಿಸಿತು. ಊಟಕ್ಕೆ ಕೂತಾಗ ಎಲೆಯ ತುದಿಗೆ ಉಪ್ಪು ಬೀಳದೆ ನೇರ ಅನ್ನ ಬಿದ್ದರೆ ಹೇಗೋ ಹಾಗೆ. ಹಿಂಡಿದ ಸೀರೆಯಿಂದ ಕಾಲ ಮೇಲೆ ನೀರು ತೊಟ್ಟಿಕ್ಕುತ್ತಿದ್ದಾಗ ಹೊಳೆಯಿತು. ಗಣಪತಿಗೆ ಮೊದಲು ಬರಬೇಕಾದದ್ದು ಬರಲಿಲ್ಲ.

ಗಣಪತಿಗೂ ಮೊದಲು ಬರುವಂಥದ್ದು ಯಾವುದಮ್ಮ ಎಂದು ನೀವು ಹುಬ್ಬೇರಿಸಬಹುದು. ಏರಿಸಿ, ತಪ್ಪಿಲ್ಲ. ನಾನು ಹುಡುಗಿಯಾಗಿದ್ದ ಕಾಲದ ಶ್ರೀನಿವಾಸಪುರದಲ್ಲಿ ಮೊದಲು ಬರುತ್ತಿದ್ದದ್ದು ಒಂದು ಇಂಗ್ಲಿಷ್ ಹಾಡು. ಹಾಡೆಂದರೆ ಪೂರ್ತಿ ಹಾಡೂ ಅಲ್ಲ, ಅದರ ಮೊದಲ ತುಂಡು.

ನಮ್ಮ ಮನೆಯ ಪಕ್ಕದ್ದೇ ಖಾದರ್ ಮಾಮು ಅವರ ಮೈಕ್ ಸೆಟ್ ಅಂಗಡಿ. ಮೇಲುಗಡೆ ಅವರ ಮನೆ. ಅವರ ಮಗಳು ಷಮೀಮ್ ನನ್ನ ಓರಗೆಯವಳು, ಶಾಲೆಯಲ್ಲಿ ನನ್ನ ಪಕ್ಕವೇ ಕೂರುತ್ತಿದ್ದವಳು. ಮದುವೆ, ನಾಮಕರಣ, ಉರುಸು, ರಾಮನವಮಿ, ಮಾವಿನ ಮಂಡಿಯ ಪೂಜೆ, ಚುನಾವಣೆಯ ಭಾಷಣ, ಯಾವುದಕ್ಕೇ ಆಗಲಿ ತಾಲ್ಲೂಕಿಗೆ ಶಬ್ದ ಹಂಚುತ್ತಿದ್ದವರು ಅವರೇ. ಅಂಗಡಿಯ ತುಂಬ ತುತ್ತೂರಿ ಸ್ಪೀಕರುಗಳು, ಸೀರಿಯಲ್ ಲೈಟಿನ ಗೋಜಲು, ಕಾದ ಧೂಳಿನ ವಾಸನೆ. ಮಾಮು ಮಾತ್ರ ಬಹಳ ಮೆತ್ತಗೆ ಮಾತಾಡುವ ಮನುಷ್ಯ. ಅವರ ಮಾತು ಕೇಳಬೇಕಾದರೆ ನಾವು ಹತ್ತಿರ ಹೋಗಿ ಬಗ್ಗಬೇಕಾಗಿತ್ತು.

ಸೆಟ್ಟು ಎಲ್ಲಿಗೇ ಹೋಗಲಿ, ತುತ್ತೂರಿಯನ್ನು ಮರಕ್ಕೆ ಕಟ್ಟಿದ ಮೇಲೆ ಟೆಸ್ಟಿಂಗ್ ಆಗಬೇಕು. ಬೇರೆ ತಾಲ್ಲೂಕುಗಳ ಮೈಕ್ ಸೆಟ್ಟಿನವರು ಬಾಯಲ್ಲಿ ಹಲೋ ಹಲೋ ಅಂದು ಬಿಡುತ್ತಿದ್ದರು. ನೇರವಾಗಿ ದೇವರ ಹಾಡಿಟ್ಟು ಅದರಲ್ಲೇ ಪರೀಕ್ಷೆ ಮಾಡುವವರೂ ಇದ್ದರು. ಮಾಮುಗೆ ಎರಡೂ ಹಿಡಿಸುತ್ತಿರಲಿಲ್ಲ. ಅವರ ಹತ್ತಿರ ಟೆಸ್ಟಿಂಗಿಗೆಂದೇ ಮೀಸಲಾದ ಒಂದು ಗ್ರಾಮಫೋನ್ ಪ್ಲೇಟಿತ್ತು. ಚಿನ್ನದ ಗಣಿಯ ಕಡೆ ಯಾರೋ ಆಂಗ್ಲೋ ಇಂಡಿಯನ್ ಕುಟುಂಬದವರು ದೇಶ ಬಿಟ್ಟು ಹೋಗುವಾಗ ಮಾರಿದ ಹಳೆಯ ಆಂಪ್ಲಿಫೈಯರ್ ಜೊತೆಗೆ ಬಂದದ್ದು. ಅದರ ನಡುವಿನ ಹೆಸರಿನ ಮೇಲೆ ಮಾಮು ಬಿಳಿ ಕಾಗದ ಅಂಟಿಸಿ, ಮೇಲೆ ದಪ್ಪಕ್ಷರದಲ್ಲಿ ‘ಟೆಸ್ಟಿಂಗ್’ ಎಂದು ಬರೆದಿದ್ದರು. ಹಾಗಾಗಿ ಹಾಡು ಯಾವುದು, ಹಾಡಿದವರು ಯಾರು, ಯಾರಿಗೂ ಗೊತ್ತಿರಲಿಲ್ಲ.

ಇದೇ ಯಾಕೆ ಎಂದು ಒಮ್ಮೆ ಕೇಳಿದ್ದೆ.

“ಇದ್ರಲ್ಲಿ ಎಲ್ಲಾ ಐತೆ ಬೇಟಿ,” ಅಂದರು ಮಾಮು. “ಸಣ್ಣ ಶಬ್ದ, ದೊಡ್ಡ ಶಬ್ದ, ಅರಚಾಟ. ಇದನ್ನ ತಡ್ಕೊಂಡ್ರೆ ಸೆಟ್ಟು ಇನ್ನೇನ್ ಬೇಕಾದ್ರೂ ತಡ್ಕೊಳ್ತದೆ. ಅಲ್ದೆ, ದೇವ್ರ ಹಾಡು ಹಾಕಿ ಮಧ್ಯದಾಗೆ ಕರ್ ಅಂತ ನಿಂತೋಯ್ತು ಅನ್ಕೋ, ಮದ್ವೆ ಮನೆಯೋರು ಅಪಶಕುನ ಅಂತ ಮನಸ್ಸಿಗೆ ಹಚ್ಕೊಳ್ತಾರೆ. ಇದು ಯಾರ ದೇವ್ರದ್ದೂ ಅಲ್ಲ. ನಿಂತ್ರೂ ಯಾರಿಗೂ ಬೇಜಾರಿಲ್ಲ.”

ಅದು ನಡೆಯುತ್ತಿದ್ದ ಕ್ರಮ ಹೀಗೆ. ಮೊದಲು ಗಿಟಾರು ಒಂದೇ ಒಂದು, ಯಾರನ್ನೋ ಹುಡುಕಿಕೊಂಡು ಬಂದ ಹಾಗೆ. ಅಷ್ಟರಲ್ಲೇ ಮಾಮು ತುತ್ತೂರಿಯ ಕಡೆ ಕಿವಿ ಓರೆ ಮಾಡುತ್ತಿದ್ದರು. ಆಮೇಲೆ ಡ್ರಮ್ಮು ಬೀಳುತ್ತಿತ್ತು, ಧಬ್ ಧಬ್ ಎಂದು, ಮಾಲೂರಿನ ಇಟ್ಟಿಗೆ ಲಾರಿ ಖಾಲಿ ಮಾಡುವ ಹಾಗೆ. ಆಗ ಆಂಪ್ಲಿಫೈಯರ್ ಪೆಟ್ಟಿಗೆಯ ಮೇಲೆ ಅಂಗೈ ಇಡುತ್ತಿದ್ದರು. ಕೊನೆಗೆ ಗಂಡಸೊಬ್ಬ ಹಾಡತೊಡಗಿ, ಏರಿ ಏರಿ, ಒಂದು ಉದ್ದನೆಯ ಕೂಗಿಗೆ ಬಾಯಿ ತೆರೆಯುತ್ತಿದ್ದ. ಆ ಕೂಗು ಮುಗಿಯುವ ಕಡೆ ಪ್ಲೇಟಿನಲ್ಲಿ ಒಂದು ಆಳವಾದ ಗೀರು. ಮುಂದೆ ಬಿಟ್ಟರೆ ಸೂಜಿ ಹಿಂದಕ್ಕೆ ಹಾರಿ ಅವನು ಮತ್ತೆ ಮತ್ತೆ ಅದನ್ನೇ ಕೂಗುತ್ತಿದ್ದ. ಅದಕ್ಕೇ ಮಾಮು ಗೀರು ಬರುವುದಕ್ಕೆ ಸ್ವಲ್ಪ ಮೊದಲೇ, ಎರಡೇ ಬೆರಳಲ್ಲಿ, ಸೂಜಿ ಎತ್ತಿಬಿಡುತ್ತಿದ್ದರು. ಒಂದು ಗಳಿಗೆ ಮೌನ. ಆಮೇಲೆ ಗಣಪತಿ.

ನಮ್ಮಮ್ಮನಿಗೆ ಅದನ್ನು ಕಂಡರಾಗದು. “ಮಳ್ಳೀ ಮೊದಲೈಂದಿ ಆ ಅರುಪು,” ಎಂದು ತೆಲುಗಿನಲ್ಲಿ ಗೊಣಗುತ್ತಿದ್ದಳು, ಮತ್ತೆ ಶುರುವಾಯಿತು ಆ ಅರಚಾಟ ಎಂದು. ಊರಿಗೆ ಮಾತ್ರ ಅದು ಎಷ್ಟು ಒಗ್ಗಿಹೋಗಿತ್ತೆಂದರೆ, ಅರಚಾಟವೂ ಗಣಪತಿಯೂ ಸೇರಿ ಒಂದೇ ಹಾಡು ಎಂದು ನಂಬಿದವರಿದ್ದರು. ಆಂಧ್ರದ ಗಡಿಗೆ ತಾಗಿದ ಒಂದು ಹಳ್ಳಿಯ ಮದುವೆಗೆ ಮಾಮು ಪ್ಲೇಟು ಮರೆತು ಹೋಗಿದ್ದರು. ಕ್ಯಾಸೆಟ್ಟಿನ ಕಾಲ ಬಂದಿತ್ತು, ಅದರಲ್ಲೇ ಕೆಲಸ ಮುಗಿಸಿದರು. ನಾವೆಲ್ಲ ಅಲ್ಲೇ ಇದ್ದೆವು. ಹುಡುಗಿಯ ಅಜ್ಜಿ ಒಳಕೋಣೆಯ ಬಾಗಿಲಲ್ಲಿ ಅಡ್ಡ ಕೂತುಬಿಟ್ಟಳು.

“ಆ ಧಬಧಬ ಮೊದ್ಲು ಕಾನೀ, ಆಗ್ಲಿ,” ಅಂದಳು. “ಆಮೇಲೆ ಹುಡುಗೀನ ಚಪ್ಪರಕ್ಕೆ ಕಳಿಸ್ತೀನಿ. ನನ್ ಮೂರು ಹೆಣ್ಮಕ್ಳಿಗೂ ಧಬಧಬ ಆಗೇ ಧಾರೆ ಆಗಿದ್ದು. ಎಲ್ರೂ ಚೆನ್ನಾಗವ್ರೆ.”

ಪುರೋಹಿತರು ಶಾಸ್ತ್ರದಲ್ಲಿ ಹಾಗೇನೂ ಇಲ್ಲವೆಂದರು. ಅಜ್ಜಿ ಶಾಸ್ತ್ರವನ್ನು ಕೇಳಿಸಿಕೊಳ್ಳಲಿಲ್ಲ. ಕಡೆಗೆ ಬೈಕು ಕೊಟ್ಟು ಒಬ್ಬರನ್ನು ಊರಿಗೆ ಓಡಿಸಿ ಪ್ಲೇಟು ತರಿಸಿದರು. ಗಿಟಾರು ಬಂತು, ಡ್ರಮ್ಮು ಬಂತು, ಅವನು ಕೂಗಿದ, ಮಾಮು ಎರಡು ಬೆರಳಲ್ಲಿ ಎತ್ತಿದರು, ಅಜ್ಜಿ ಎದ್ದು ದಾರಿ ಬಿಟ್ಟಳು. ಎಲ್ಲೋ ಸಮುದ್ರದಾಚೆ ಉದ್ದಕೂದಲು ಬಿಟ್ಟು ಹಾಡಿದ ಆ ಪುಣ್ಯಾತ್ಮನಿಗೆ, ತನ್ನಿಂದಾಗಿ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಎಷ್ಟು ಕೊರಳಿಗೆ ತಾಳಿ ಬಿತ್ತೆಂದು ತಿಳಿದಿರಲಾರದು.

ಷಮೀಮಳಿಗೂ ನನಗೂ ಇದ್ದ ಹುಚ್ಚು ಬೇರೆ. ಆ ಕೂಗಿನ ಮುಂದೆ ಏನಿದೆ? ಅವರ ಮನೆಯ ತಾರಸಿಯ ಮೇಲೆ ಮಾವಿನ ರಸ ಚಾಪೆಯಲ್ಲಿ ಒಣಗುತ್ತಿರುತ್ತಿತ್ತು, ಕಾಗೆ ಕಾಯಲು ನಮ್ಮಿಬ್ಬರನ್ನು ಕೂರಿಸುತ್ತಿದ್ದರು. ಕಾಗೆ ಕಾಯುತ್ತ ನಾವು ಹಾಡನ್ನು ಮುಂದುವರಿಸುತ್ತಿದ್ದೆವು. ಕೂಗಿದ ಮೇಲೆ ಅವನಿಗೆ ಇನ್ನೂ ಸಿಟ್ಟು ಏರುತ್ತದೆ, ಡ್ರಮ್ಮು ಒಡೆದು ಹಾಕುತ್ತಾರೆ ಎಂಬುದು ಷಮೀಮಳ ವಾದ. ಇಲ್ಲ, ಎಲ್ಲರೂ ಸೇರಿ ಕುಣಿಯುತ್ತಾರೆ ಎಂಬುದು ನನ್ನದು. ಅವಳು ದಖ್ಖನಿಯಲ್ಲಿ ಸಿಟ್ಟು ಮಾಡುತ್ತಿದ್ದಳು, ನಾನು ಕನ್ನಡದಲ್ಲಿ ಕುಣಿಯುತ್ತಿದ್ದೆ. ಕಾಗೆಗಳು ತಮ್ಮ ಪಾಲು ತಿಂದು ಹೋಗುತ್ತಿದ್ದವು. ಆ ತಾರಸಿಯ ಬಿಸಿಲು, ಅಂಗಾಲಿಗೆ ಅಂಟುತ್ತಿದ್ದ ಸಿಹಿ, ಅವಳ ಕಂಠ, ಇವು ಈಗ ಎಷ್ಟು ಬೇಕೆನ್ನಿಸುತ್ತವೆಯೆಂದರೆ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆಮೇಲೆ ಒಂದು ಬೇಸಿಗೆಯಲ್ಲಿ ಯಾರೋ ಪ್ಲೇಟನ್ನು ಜೀಪಿನ ಮೇಲೆ ಮರೆತರು. ಬಿಸಿಲಿಗೆ ಅದು ಹಪ್ಪಳದ ಹಾಗೆ ಸೊಟ್ಟಗಾಯಿತು. ನಾವೂ ಮದುವೆಯಾಗಿ ಒಬ್ಬಳು ಮುಳಬಾಗಿಲಿಗೆ, ಒಬ್ಬಳು ಮಾಲೂರಿಗೆ ಎಂದು ಹಂಚಿಹೋದೆವು. ಅಂಗಡಿ ಮುಚ್ಚಿದ ಮೇಲೆ ಮಾಮು ಮುಳಬಾಗಿಲಿಗೆ, ಷಮೀಮಳ ಮನೆಗೆ ಹೋದರು.

ಗೃಹಪ್ರವೇಶದ ಆ ಬೆಳಿಗ್ಗೆಯೇ ಅವಳಿಗೆ ಫೋನು ಮಾಡಿದೆ. ಟೆಸ್ಟಿಂಗ್ ಇಲ್ಲದೆ ಗಣಪತಿ ಬಂದ ಸುದ್ದಿಯನ್ನು ಅವಳಿಗಲ್ಲದೆ ಇನ್ಯಾರಿಗೆ ಹೇಳಲಿ? ಅವಳು ನಗಲಿಲ್ಲ.

“ಲೇ, ನೀನೂ ಅದ್ನೇ ತೆಗೀತೀಯಲ್ಲೇ,” ಅಂದಳು. “ಅಬ್ಬಾನೂ ಹೋದ್ ವಾರದಿಂದ ಅದೇ ಜಪ. ಕಿವಿ ತೋರ್ಸೋಕೆ ಕೋಲಾರಕ್ಕೆ ಕರ್ಕೊಂಡ್ ಹೋಗಿದ್ದೆ. ಬಲಗಿವಿ ಮುಂಚೇನೇ ಹೋಗಿತ್ತಲ್ಲ, ಎಡಗಿವೀನೂ ಹೋಗ್ತಾ ಐತಂತೆ. ಈಗ್ಲೇ ಬಾಗಿಲು ಬಡಿದ್ರೆ ಗೊತ್ತಾಯ್ತದೆ, ನಲ್ಲೀಲಿ ನೀರು ಬಂದ್ರೆ ಗೊತ್ತಾಗಲ್ಲ. ಮಿಷನ್ ಹಾಕಿದ್ರೂ ಅಷ್ಟಕ್ಕಷ್ಟೇ ಅಂದ್ರು.”

“ಮಾಮು ಏನಂತಾರೆ?”

“ಪೂರ್ತಿ ಹೋಗೋಕ್ ಮುಂಚೆ ಆ ಪ್ಲೇಟು ಮುಂದಕ್ಕೆ ಏನಾಯ್ತದೆ ಅಂತ ಒಂದ್ಸಲ ಕೇಳ್ಬೇಕಂತೆ. ಊರಿಗೆಲ್ಲ ಅರ್ಧ ಹಾಡು ಕೇಳಿಸ್ಬಿಟ್ಟೆ, ಪೂರ್ತಿ ಕೊಡ್ಲಿಲ್ಲ ಅಂತ ಕೊರಗು. ಮಗು ಥರ ಆಗ್ಬಿಟ್ಟವ್ರೆ ಕಣೇ. ಹೆಸ್ರೇ ಗೊತ್ತಿಲ್ದಿರೋ ಹಾಡನ್ನ ನಾನ್ ಎಲ್ಲಿಂದ ತರ್ಲಿ?”

“ನಾನ್ ತರ್ತೀನಿ ಬಿಡು,” ಅಂದುಬಿಟ್ಟೆ. ಸಂಜೀವಿನಿಗೆ ಹೊರಟ ಹನುಮಂತನಿಗೆ ಬೆಟ್ಟವಾದರೂ ಗೊತ್ತಿತ್ತು.

ನಾನು ಬೆಂಗಳೂರಿನ ಒಂದು ಕಾಲೇಜಿನಲ್ಲಿ ಗ್ರಂಥಪಾಲಕಿ. ದಿನವೂ ಮಾಲೂರಿನಿಂದ ರೈಲು. ಸೋಮವಾರ ಬೆಳಿಗ್ಗೆ ಇಂಗ್ಲಿಷ್ ವಿಭಾಗದ ಮೇಷ್ಟರೊಬ್ಬರು ಪುಸ್ತಕ ಹಿಂದಿರುಗಿಸಲು ಬಂದಾಗ, ‘ನಿಶ್ಶಬ್ದ’ ಎಂಬ ಫಲಕದ ಕೆಳಗೇ ಕೂತು ಅವರಿಗೆ ಹಾಡು ಗುನುಗಿ ತೋರಿಸಿದೆ. ಗಿಟಾರನ್ನು ಮೂಗಿನಲ್ಲಿ, ಡ್ರಮ್ಮನ್ನು ಮೇಜಿನ ಮೇಲೆ. ಓದುತ್ತಿದ್ದ ಮಕ್ಕಳು ತಲೆಯೆತ್ತಿದರು. ಇಷ್ಟು ವರ್ಷ ಅವರ ಪಿಸುಮಾತಿಗೂ ಕಣ್ಣು ಬಿಟ್ಟವಳು ನಾನು. ಮೇಷ್ಟರು ಸಜ್ಜನರು, ಕೊನೆಯವರೆಗೂ ಕೇಳಿದರು.

“ಇದಕ್ಕೆ ಕ್ಲಾಸಿಕ್ ರಾಕ್ ಅಂತಾರೆ ಮೇಡಂ. ಆದರೆ ನೀವು ಹಾಡಿದ್ದು ಯಾವ ಹಾಡು ಬೇಕಾದರೂ ಆಗಬಹುದು,” ಅಂದರು. ಹಗಲೂ ರಾತ್ರಿ ಅದನ್ನೇ ಬಿತ್ತರಿಸುವ ರೇಡಿಯೋಗಳಿವೆಯಂತೆ. ಒಂದನ್ನು ನನ್ನ ಫೋನಿಗೆ ಹಾಕಿಕೊಟ್ಟರು.

ಆ ವಾರ ನಾನು ಕೇಳಿದಷ್ಟು ಗದ್ದಲವನ್ನು ನಮ್ಮ ವಂಶದಲ್ಲಿ ಯಾರೂ ಕೇಳಿರಲಿಕ್ಕಿಲ್ಲ. ಹೋಗುವಾಗ ರೈಲಿನಲ್ಲಿ, ಬರುವಾಗ ರೈಲಿನಲ್ಲಿ, ಅಡುಗೆಮನೆಯಲ್ಲಿ ಸಾರು ಕುದಿಯುವಾಗ. ಎದುರು ಸೀಟಿನಲ್ಲಿ ಹೂ ಕಟ್ಟುತ್ತ ಕೂತ ಹೆಂಗಸರು, ಇವಳು ಯಾವುದೋ ಪ್ರವಚನ ಕೇಳುತ್ತಿದ್ದಾಳೆ ಎಂದು ನನ್ನತ್ತ ಗೌರವದಿಂದ ನೋಡುತ್ತಿದ್ದರು. ಮೊದಲ ದಿನ ತಲೆನೋವು ಬಂತು. ಎರಡನೆಯ ದಿನ ಒಬ್ಬನಿಂದ ಇನ್ನೊಬ್ಬನನ್ನು ಬೇರೆ ಮಾಡುವುದು ಬಂತು. ಇವನು ಮಂಡಿಯಲ್ಲಿ ಹರಾಜು ಕೂಗುವವನ ಹಾಗೆ, ಇವನು ರಾತ್ರಿಯೆಲ್ಲ ನಿದ್ದೆಗೆಟ್ಟವನ ಹಾಗೆ. ಮಧ್ಯೆ ಮಧ್ಯೆ ಮಾತಾಡುವ ರೇಡಿಯೋ ಮನುಷ್ಯ ಎಲ್ಲರನ್ನೂ ತನ್ನ ಸ್ವಂತ ದಾಯಾದಿಗಳ ಹಾಗೆ ಪರಿಚಯಿಸುತ್ತಿದ್ದ. ಅವನ ಇಂಗ್ಲಿಷು ನನಗೆ ಅರ್ಧ ತಿಳಿಯುತ್ತಿತ್ತು, ಅವನ ಪ್ರೀತಿ ಪೂರ್ತಿ ತಿಳಿಯುತ್ತಿತ್ತು.

ವಿಚಿತ್ರವೆಂದರೆ, ಪ್ರತಿ ಹಾಡೂ ಸ್ವಲ್ಪ ದೂರ ಹೋದ ಮೇಲೆ ನನ್ನ ಮನಸ್ಸು ತಾನಾಗಿ ಗಣಪತಿಯನ್ನು ಕಾಯುತ್ತಿತ್ತು. ಗಿಟಾರು, ಡ್ರಮ್ಮು, ಕೂಗು, ಇನ್ನೇನು ಬರುತ್ತಾನೆ ಅನ್ನಿಸುತ್ತಿತ್ತು. ಬರುತ್ತಿರಲಿಲ್ಲ. ಹಾಡು ತನ್ನ ಪಾಡಿಗೆ ಮುಂದುವರಿಯುತ್ತಿತ್ತು, ನಾನು ಬೇರೆ ಯಾರದೋ ಮನೆಗೆ ನುಗ್ಗಿದವಳಂತೆ ಮುದುರಿ ಕೂರುತ್ತಿದ್ದೆ. ಬುಧವಾರ ಮೇಷ್ಟರು, ರೇಡಿಯೋವನ್ನೇ ನಂಬಿದರೆ ಆಗದು, ಆಲ್ಬಂಗಳನ್ನೇ ಮೊದಲಿನಿಂದ ಕೊನೆಯವರೆಗೆ ಕೇಳಿ ಎಂದು ಕೆಲವು ಹೆಸರು ಹೇಳಿದರು. ಕೇಳಿದೆ. ಹತ್ತಿರ ಹತ್ತಿರ ಬಂದು ತಪ್ಪಿಸಿಕೊಳ್ಳುವ ಗಿಟಾರುಗಳು ಎಷ್ಟೋ. ಅವುಗಳ ನಡುವೆ ಒಂದೆರಡು ಹಾಡು, ನನ್ನದಲ್ಲದಿದ್ದರೂ, ಎದೆಗೆ ಕೈ ಹಾಕಿದವು. ಎಲ್ಲೋ ಬಿಟ್ಟುಬಂದ ಊರನ್ನು ಕುರಿತು, ಹಿಂತಿರುಗದ ಹುಡುಗಿಯನ್ನು ಕುರಿತು ಹಾಡುತ್ತಿದ್ದರೆಂದು ಕಾಣುತ್ತದೆ. ಪದ ಬಿಡಿಸಲು ಹೋಗಲಿಲ್ಲ. ಕಿಟಕಿಯಾಚೆ ಇಟ್ಟಿಗೆ ಗೂಡುಗಳ ಕೆಂಪು ಹೊಗೆ, ನೀಲಗಿರಿ ತೋಪುಗಳು ಹಿಂದಕ್ಕೆ ಓಡುತ್ತಿದ್ದವು. ತಾರಸಿಯ ಮೇಲಿನ ಇಬ್ಬರು ಹುಡುಗಿಯರು ಈಗ ಇದನ್ನು ಕೇಳಿದ್ದರೆ ಏನೆನ್ನುತ್ತಿದ್ದರು ಎಂದು ಯೋಚಿಸುತ್ತ ಕಣ್ಣು ಒರೆಸಿಕೊಂಡೆ. ಹೂ ಕಟ್ಟುವ ಹೆಂಗಸು ಪ್ರವಚನ ಚೆನ್ನಾಗಿರಬೇಕು ಎಂದುಕೊಂಡಿರಬೇಕು.

ಷಮೀಮ್ ದಿನವೂ ಸಂಜೆ ಕೇಳುತ್ತಿದ್ದಳು, “ಸಿಕ್ತಾ?” ಎಂದು. ಅವಳ ಹಿಂದೆ ಮಾಮು ಜೋರಾಗಿ, “ಸಿಕ್ತಂತಾ?” ಅನ್ನುವುದು ಕೇಳಿಸುತ್ತಿತ್ತು. ಬಗ್ಗಿ ಕೇಳಬೇಕಾಗಿದ್ದ ಆ ಮೆದು ದನಿ ಈಗ ತನಗೇ ಕೇಳಿಸದೆ ಕೂಗುತ್ತಿತ್ತು.

ಶುಕ್ರವಾರ ಸಂಜೆ, ರೈಲು ದೇವನಗೊಂದಿ ದಾಟಿದ ಮೇಲೆ, ಆ ಗಿಟಾರು ಬಂತು. ಒಂಟಿಯಾಗಿ, ಯಾರನ್ನೋ ಹುಡುಕಿಕೊಂಡು. ನಿಂತಿದ್ದವಳು ಕಂಬಿ ಹಿಡಿದುಕೊಂಡೆ. ಡ್ರಮ್ಮು ಬಿತ್ತು. ಮರಕ್ಕೆ ಕಟ್ಟಿದ ತುತ್ತೂರಿ, ಮಾಮುವಿನ ಅಂಗೈ, ಅಮ್ಮನ ಗೊಣಗು, ಎಲ್ಲ ಒಟ್ಟಿಗೆ ಬಂದವು. ಅವನು ಹಾಡಿದ, ಏರಿದ, ಬಾಯಿ ತೆರೆದ. ಆ ಕೂಗು ಮುಗಿಯುವ ಮೊದಲೇ ನಾನು ಎರಡು ಕಿವಿಯಿಂದಲೂ ಇಯರ್‌ಫೋನು ಕಿತ್ತುಹಾಕಿದೆ. ಮುಂದಿನದನ್ನು ಒಬ್ಬಳೇ ಕೇಳಿಬಿಡುವುದು ಹೇಗೆ? ಫೋನಿನ ಮೇಲೆ ಹಾಡಿನ ಹೆಸರು ಕಾಣುತ್ತಿತ್ತು. ನಿಮಗೆ ಹೇಳುವುದಿಲ್ಲ, ಕ್ಷಮಿಸಿ. ಹೇಳಿದರೆ ನೀವೂ ಹುಡುಕಿ ಕೇಳಿಬಿಡುತ್ತೀರಿ.

ಭಾನುವಾರ ಕೋಲಾರದಲ್ಲಿ ಬಸ್ಸು ಬದಲಿಸಿ ಮುಳಬಾಗಿಲಿಗೆ ಹೋದೆ. ಮಾಮು ಸ್ನಾನ ಮಾಡಿ, ಇಸ್ತ್ರಿ ಮಾಡಿದ ಬಿಳಿ ಜುಬ್ಬಾ ತೊಟ್ಟು, ಮದುವೆಗೆ ಹೊರಟವರಂತೆ ಮಂಚದ ಮೇಲೆ ಕೂತಿದ್ದರು. ಷಮೀಮ್ ಅಂಗೈಯಗಲದ ಒಂದು ಸ್ಪೀಕರನ್ನು ಅವರ ಎಡಗಿವಿಯ ಪಕ್ಕ ದಿಂಬಿನ ಮೇಲಿಟ್ಟಳು.

“ಇದಾ ಸೆಟ್ಟು?” ಅಂದರು ಮಾಮು. “ಇದ್ರಲ್ಲಿ ಮೈಕು ಎಲ್ಲಿ ಚುಚ್ತಾರೆ?”

ನಾನು ಹಾಡು ಹಾಕಿದೆ. ಗಿಟಾರು ಬರುತ್ತಿದ್ದಾಗ ಅವರ ಮುಖ ಖಾಲಿಯಾಗಿತ್ತು. ಶುರುವಾಗಿದೆ ಎಂದು ಷಮೀಮ್ ಕೈಸನ್ನೆ ಮಾಡಿದಳು. ಡ್ರಮ್ಮು ಬಿದ್ದೊಡನೆ ಅವರು ತಲೆಯೆತ್ತಿದರು. “ಇದೇ,” ಅಂದರು. “ಇದೇ ಬೇಟಿ, ಇದೇ.” ಕಣ್ಣು ಮುಚ್ಚಿದರು. ಅವನು ಏರುತ್ತಿದ್ದ ಹಾಗೆ ಅವರ ಬಲಗೈಯ ಎರಡು ಬೆರಳು ಮಡಿಲಲ್ಲಿ ಜೋಡಿಯಾದವು. ಷಮೀಮ್ ನನ್ನ ಮೊಣಕೈ ಹಿಡಿದಳು. ಕೂಗು ಬಂತು, ಮುಗಿಯಿತು, ಸೂಜಿ ಎತ್ತುತ್ತಿದ್ದ ಆ ಜಾಗ ದಾಟಿತು.

ಮುಂದೆ ಸಿಟ್ಟಿರಲಿಲ್ಲ. ಕುಣಿತವೂ ಇರಲಿಲ್ಲ. ಎಲ್ಲ ಒಮ್ಮೆಲೇ ನಿಂತು, ಗಿಟಾರೊಂದೇ ಉಳಿದು, ಅದೂ ಉಗುರಲ್ಲಿ ಮೀಟಿದಷ್ಟು ಸಣ್ಣಗೆ. ಅದರ ಮೇಲೆ ಅಷ್ಟು ಹೊತ್ತು ಅರಚಿದ್ದ ಅದೇ ಮನುಷ್ಯ, ಮಲಗಿದ ಮಗು ಏಳದಿರಲಿ ಎಂಬಂತೆ, ಪಿಸುದನಿಯಲ್ಲಿ ಹಾಡತೊಡಗಿದ. ಇಷ್ಟು ಚೆಂದದ್ದೊಂದು ಅಲ್ಲಿ ಇರಬಹುದೆಂದು ನಾವಿಬ್ಬರೂ ಒಮ್ಮೆಯೂ ಎಣಿಸಿರಲಿಲ್ಲ.

ಮಾಮು ಕಣ್ಣು ತೆರೆದರು. ಸ್ವಲ್ಪ ಹೊತ್ತು ಕಾದರು. ದಿಂಬಿನ ಕಡೆ ನೋಡಿದರು, ನನ್ನ ಕಡೆ ನೋಡಿದರು.

“ಮುಗೀತು,” ಅಂದರು.

ಅವರ ಮುಖ ನಿಧಾನವಾಗಿ ಅರಳಿತು.

“ನೋಡಿದ್ರಾ? ನಾನ್ ಎತ್ತಿದ್ ಕಡೇನೇ ಮುಗಿಯೋದು. ಮುಂದಕ್ಕೆ ಏನೂ ಇಲ್ಲ. ಇಷ್ಟ್ ವರ್ಷ ಸುಮ್ನೆ ತಲೆ ಕೆಡಿಸ್ಕೊಂಡೆ. ಜನಕ್ಕೆ ನಾನು ಪೂರ್ತಿ ಹಾಡೇ ಕೇಳ್ಸಿದೀನಿ.”

ಷಮೀಮ್ ನನ್ನನ್ನು ನೋಡಿದಳು. ಆಮೇಲೆ ಬಗ್ಗಿ, ಅವರ ಎಡಗಿವಿಗೆ ಬಾಯಿಟ್ಟು, ಜೋರಾಗಿ ಹೇಳಿದಳು. “ಹೂಂ ಅಬ್ಬಾ. ಪೂರ್ತಿ.”

ಹಾಡು ಇನ್ನೂ ನಡೆಯುತ್ತಲೇ ಇತ್ತು. ನಿಲ್ಲಿಸಬಹುದಿತ್ತು, ಬೆರಳು ಬರಲಿಲ್ಲ. ನನಗೆ ಒಂದೇ ದಿಗಿಲು, ಮತ್ತೆ ಆ ಡ್ರಮ್ಮು ಬಂದುಬಿಟ್ಟರೆ? ಬಂದರೆ ಅವರಿಗೆ ಕೇಳಿಸುತ್ತದೆ. ದೇವರೇ, ಬಾರದಿರಲಿ, ಇನ್ನೊಂದು ಸಲ ಧಬ್ ಅನ್ನದಿರಲಿ ಎಂದು ಫೋನನ್ನೇ ನೋಡುತ್ತ ಕೂತೆ. ಗಿಟಾರು ಇನ್ನೇನು ಏರಿತು ಅನ್ನಿಸಿದಾಗಲೆಲ್ಲ ಉಸಿರು ಬಿಗಿಹಿಡಿದೆ. ಅದು ಏರಲಿಲ್ಲ. ಸಣ್ಣಗಾಗುತ್ತ, ಇನ್ನೂ ಸಣ್ಣಗಾಗುತ್ತ ಇಂಗಿಹೋಯಿತು. ಅಷ್ಟರಲ್ಲಿ ಮಾಮು ಚಹಾ ತರಲು ಹೇಳಿ, ಅಜ್ಜಿ ಬಾಗಿಲಿಗೆ ಅಡ್ಡ ಕೂತ ಕತೆಯನ್ನು ಮೊದಲಿನಿಂದ ಹೇಳತೊಡಗಿದ್ದರು. ನಾವಿಬ್ಬರೂ ಹೊಸದಾಗಿ ಕೇಳುವವರಂತೆ ನಕ್ಕೆವು.

ಸೋಮವಾರ ಮತ್ತೆ ರೈಲು ಹತ್ತಿದೆ. ನಿಜ ಹೇಳಬೇಕೆಂದರೆ, ಹುಡುಗಿಯಾಗಿದ್ದಾಗಿನಿಂದ ಕಾದಿದ್ದ ಆ ಮುಂದಿನ ಭಾಗವನ್ನು ನಾನು ಸರಿಯಾಗಿ ಕೇಳಿಯೇ ಇಲ್ಲ. ಡ್ರಮ್ಮಿಗೆ ಹೆದರಿ ಕೂತವಳಿಗೆ ಹಾಡು ಕೇಳಿಸುತ್ತದೆಯೇ? ಈಗ ಯಾವ ಭಯವೂ ಇಲ್ಲ, ಕಿವಿಗಳು ಗಟ್ಟಿಯಾಗಿವೆ, ಹಾಡು ಫೋನಿನಲ್ಲಿದೆ. ಇಯರ್‌ಫೋನು ಸಿಕ್ಕಿಸಿಕೊಂಡು ಹಾಕಿದೆ. ಗಿಟಾರು ಬಂತು, ಡ್ರಮ್ಮು ಬಂತು, ಅವನು ಏರಿ ಏರಿ ಕೂಗಿದ. ಕೂಗು ಮುಗಿಯುವ ಹೊತ್ತಿಗೆ ನಿಲ್ಲಿಸಿದೆ. ಮಾಮು ಇರುವಷ್ಟು ದಿನ ಅದು ಅಲ್ಲಿಗೇ ಮುಗಿಯಲಿ.